ಒಳಗಿನ ಹಾಡು ಮೊದಲು: ಅಮೆರಿಕದ ಚರಿತ್ರೆಯನ್ನು ಆರ್ಕೆಸ್ಟ್ರಾದಲ್ಲಿ ಕೇಳುವ ಬಗೆ

ಬಾಸ್ಟನ್ ಹತ್ತಿರದ ಊರೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಹುಟ್ಟೂರು ಶಿವಮೊಗ್ಗ. ವಾರವಿಡೀ ಆಫೀಸು, ಶನಿವಾರ ಬೆಳಿಗ್ಗೆ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಸಂಗೀತ ಪಾಠ. ಸರಳೆ, ಜಂಟಿ ಮುಗಿಸಿದವರಿಗೆ ಒಂದು ನೊಟ್ಟುಸ್ವರ, ಅಂದರೆ ಪಾಶ್ಚಾತ್ಯ ಮಟ್ಟಿನ ಪುಟ್ಟ ಹಾಡು, ಹೇಳಿಕೊಡುತ್ತೇನೆ, ಮುತ್ತುಸ್ವಾಮಿ ದೀಕ್ಷಿತರ ‘ಸಂತತಂ ಪಾಹಿಮಾಂ’. ಪ್ರತಿ ವರ್ಷವೂ ಯಾವುದಾದರೊಂದು ಮಗು ಎರಡನೇ ಸಾಲಿಗೇ ತಡೆದು, ‘ಟೀಚರ್, ಇದು ನಮ್ಮ ಸ್ಕೂಲ್ ಹಾಡು’ ಅನ್ನುತ್ತದೆ. ಮಗು ಹೇಳುವುದು ಸರಿ. ಬ್ರಿಟಿಷರ ‘ಗಾಡ್ ಸೇವ್ ದಿ ಕಿಂಗ್’ ಮಟ್ಟಿಗೆ ದೀಕ್ಷಿತರು ಸಂಸ್ಕೃತದ ಸಾಹಿತ್ಯ ಕೂಡಿಸಿದರು. ಅದೇ ಮಟ್ಟಿಗೆ ಈ ಮ್ಯಾಸಚೂಸೆಟ್ಸಿನ ಸ್ಯಾಮ್ಯುಯೆಲ್ ಫ್ರಾನ್ಸಿಸ್ ಸ್ಮಿತ್ ‘ಅಮೆರಿಕ’ ಎಂಬ ಹಾಡು ಬರೆದರು. ಅದನ್ನು ಜನರ ಮುಂದೆ ಮೊದಲ ಸಲ ಹಾಡಿದ್ದು 1831ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಬಾಸ್ಟನ್ನಿನ ಪಾರ್ಕ್ ಸ್ಟ್ರೀಟ್ ಚರ್ಚಿನಲ್ಲಿ, ಮಕ್ಕಳು.

ಪಾಠಕ್ಕೆ ಬರುವ ಹುಡುಗಿಯೊಬ್ಬಳ ಅಮ್ಮ ಒಮ್ಮೆ ಕೇಳಿದಳು: ‘ಅಕ್ಕಾ, ಇಲ್ಲಿನ ಸಿಂಫನಿಗೆ ಟಿಕೆಟ್ ತಗೊಂಡು ಹೋಗ್ತೀವಿ. ಲಿಂಕನ್ ಬಗ್ಗೆ ಅಂತಾರೆ, ಯುದ್ಧದ ಬಗ್ಗೆ ಅಂತಾರೆ. ಕೂತು ಕೇಳಿದ್ರೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ಹೇಗೆ ಕೇಳ್ಬೇಕು?’ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೃತಿ ಕೇಳುವ ಮೊದಲು ಅದರೊಳಗಿರುವ ಹಾಡನ್ನು ಬಾಯಲ್ಲಿ ಹಾಡಿಕೊಳ್ಳಿ. ಮದುವೆ ಮನೆಯಲ್ಲಿ ನಾಗಸ್ವರದವರು ಎರಡು ಸ್ವರ ಊದಿದರೆ ಸಾಕು, ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಅಂತ ನಮಗೆ ಗೊತ್ತಾಗುತ್ತದೆ, ಅದರ ಜೊತೆಗೆ ಅಜ್ಜಿ, ಶುಕ್ರವಾರ, ಹೊಸ್ತಿಲ ರಂಗೋಲಿ ಎಲ್ಲ ಬರುತ್ತದೆ. ಇಲ್ಲಿಯ ಸಂಗೀತಕಾರರು ತಮ್ಮ ದೇಶದ ಚರಿತ್ರೆಯ ಬಗ್ಗೆ ಬರೆದಾಗ ಅಂಥದೇ ಹಾಡುಗಳನ್ನು ಒಳಗೆ ಇಟ್ಟಿದ್ದಾರೆ: ದಂಡಿನ ಹಾಡು, ಚರ್ಚಿನ ಹಾಡು, ನಾಟಕದ ಕಂಪನಿ ಹಾಡು. ಅವು ನಮ್ಮ ಬಾಯಲ್ಲಿ ಇಲ್ಲ. ಅಷ್ಟೇ ಅಡ್ಡಿ.

ಈ ಪಾಠ ನಾನು ಕಲಿತದ್ದು ಕಷ್ಟಪಟ್ಟೇ. ಇಲ್ಲಿಗೆ ಬಂದ ಎರಡನೇ ವರ್ಷ ಅಮೆರಿಕದ ಸಂಗೀತಕಾರ ಚಾರ್ಲ್ಸ್ ಐವ್ಸ್ ಆರ್ಕೆಸ್ಟ್ರಾಕ್ಕೆ ಬರೆದ ‘ಥ್ರೀ ಪ್ಲೇಸಸ್ ಇನ್ ನ್ಯೂ ಇಂಗ್ಲೆಂಡ್’ ಕೇಳಲು ಹೋಗಿದ್ದೆ. ಎರಡನೇ ಭಾಗ ‘ಪುಟ್‌ನಮ್ಸ್ ಕ್ಯಾಂಪ್’ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅರ್ಧ ವಾದ್ಯಗಾರರು ಒಂದು ಕಾಲದಲ್ಲಿ, ಇನ್ನರ್ಧ ಬೇರೆ ಕಾಲದಲ್ಲಿ. ತಾಳ ತಪ್ಪಿದರು ಅಂದುಕೊಂಡು ನನಗೆ ಮೈಯೆಲ್ಲ ಬಿಗಿಯಿತು, ತೊಡೆಯ ಮೇಲಿದ್ದ ಕೈ ನಿಂತೇ ಹೋಯಿತು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಕಣ್ಣು ಮುಚ್ಚಿ ನಗುತ್ತಿದ್ದರು. ಅವರಿಗೆ ಆ ಹಾಡುಗಳು ಗೊತ್ತಿದ್ದವು.

ಆಮೇಲೆ ಓದಿ ತಿಳಿದುಕೊಂಡೆ. 1778–79ರ ಚಳಿಗಾಲದಲ್ಲಿ, ಸ್ವಾತಂತ್ರ್ಯ ಯುದ್ಧದ ನಡುವೆ, ಜನರಲ್ ಇಸ್ರೇಲ್ ಪುಟ್‌ನಮ್ ಅವರ ಸೈನಿಕರು ಕನೆಕ್ಟಿಕಟ್‌ನ ರೆಡಿಂಗ್‌ನಲ್ಲಿ ಬಿಡಾರ ಹೂಡಿದ್ದರು. ಆ ಜಾಗಕ್ಕೆ ಜುಲೈ 4ರಂದು ಊಟ ಕಟ್ಟಿಕೊಂಡು ಬಂದ ಒಂದು ಮಗು ಹಾಗೇ ನಿದ್ದೆ ಹೋಗಿ ಆ ಸೈನಿಕರನ್ನು ಕನಸಿನಲ್ಲಿ ಕಾಣುತ್ತದೆ. ಐವ್ಸ್ ಅವರ ತಂದೆ, ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದಲ್ಲಿ ಬ್ಯಾಂಡ್ ಮಾಸ್ಟರ್ ಆಗಿದ್ದವರು. ಎರಡು ಬ್ಯಾಂಡುಗಳು ಎದುರುಬದರಾಗಿ ಬಂದರೆ ಕಿವಿಗೆ ಹೇಗೆ ಬೀಳುತ್ತದೆ ಎಂಬುದು ಮಗನಿಗೆ ಚಿಕ್ಕಂದಿನಿಂದ ಗೊತ್ತು. 1931ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಈ ಕೃತಿಯನ್ನು ಮೊದಲು ನುಡಿಸಿದ ವಾದ್ಯವೃಂದದ ನಿರ್ದೇಶಕ ನಿಕೊಲಸ್ ಸ್ಲೊನಿಮ್‌ಸ್ಕಿ ಆ ಭಾಗಕ್ಕೆ ಒಂದೊಂದು ಕೈಯಲ್ಲಿ ಒಂದೊಂದು ಕಾಲ ಹಾಕುತ್ತಿದ್ದರು. ನಮ್ಮಲ್ಲಿ ದ್ವಿತಾಳ ಅವಧಾನ, ಅಂದರೆ ಎರಡು ಕೈಯಲ್ಲಿ ಎರಡು ತಾಳ, ಮಾಡುವವರನ್ನು ನೋಡಿದವರಿಗೆ ಇದರಲ್ಲಿ ಹೆದರುವಂಥದ್ದು ಇಲ್ಲ. ‘ದಿ ಬ್ರಿಟಿಷ್ ಗ್ರೆನೇಡಿಯರ್ಸ್’ ಎಂಬ ದಂಡಿನ ಹಾಡನ್ನು ನಾಲ್ಕೈದು ಸಲ ಗುನುಗಿಕೊಂಡು ಮತ್ತೆ ಕೇಳಿ. ಗದ್ದಲದ ನಡುವೆ ಅದು ತಲೆ ಎತ್ತುತ್ತದೆ, ಜಾತ್ರೆಯಲ್ಲಿ ನಮ್ಮೂರವರ ಮುಖ ಕಂಡ ಹಾಗೆ.

ಶುರು ಮಾಡುವುದು ಹೇಗೆ

ಐವ್ಸ್‌ನಿಂದಲೇ, ಆದರೆ ಸುಲಭದ್ದರಿಂದ. 1891ರಲ್ಲಿ, ಇನ್ನೂ ಹದಿನಾರು ಹದಿನೇಳರ ಪ್ರಾಯದಲ್ಲಿ, ಆರ್ಗನ್‌ಗೆ ಬರೆದ ‘ವೇರಿಯೇಶನ್ಸ್ ಆನ್ ಅಮೆರಿಕ’. ಮೊದಲು ‘ಸಂತತಂ ಪಾಹಿಮಾಂ’ ಪೂರ್ತಿ ಹಾಡಿ, ನಿಮ್ಮ ಶ್ರುತಿಯಲ್ಲೇ. ಆಮೇಲೆ ಪ್ಲೇ ಒತ್ತಿ. ಮಟ್ಟು ನಿಮ್ಮದೇ ಆಗಿರುವುದರಿಂದ ಅವರು ಅದನ್ನು ಎಳೆದರೂ, ತಿರುಗಿಸಿದರೂ, ಒಂದು ಕಡೆ ಎರಡು ಶ್ರುತಿಯಲ್ಲಿ ಒಟ್ಟಿಗೆ ನುಡಿಸಿದರೂ ದಾರಿ ತಪ್ಪುವುದಿಲ್ಲ. ಏಳೆಂಟು ನಿಮಿಷದ ಕೆಲಸ. ಇದಾದ ಮೇಲೆ ಉಳಿದದ್ದಕ್ಕೆಲ್ಲ ಕಿವಿ ತಾನೇ ಹದವಾಗುತ್ತದೆ.

ಇನ್ನೆರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾವ ರಾಗ ಎಂದು ಹುಡುಕುತ್ತಾ ಕೂರಬೇಡಿ. ನಮಗೆ ತಂಬೂರಿಯ ಷಡ್ಜ ಮನೆಯ ಕಂಬದ ಹಾಗೆ, ಇವರಲ್ಲಿ ಕಂಬವೇ ನಡೆದು ಹೋಗುತ್ತದೆ. ಹುಡುಕಿದಷ್ಟೂ ತಲೆನೋವು. ಹಾಡನ್ನು ಹಿಡಿದುಕೊಳ್ಳಿ, ಅದು ಎಲ್ಲಿಗೆ ಹೋಗುತ್ತದೋ ಹಿಂದೆ ಹೋಗಿ. ಎರಡನೆಯದು, ಕಾರಿನಲ್ಲಿ ಕೇಳಬೇಡಿ. ಈ ಕೃತಿಗಳು ಬಹಳ ಮೆಲ್ಲಗೆ ಶುರುವಾಗುತ್ತವೆ. ಕೇಳುತ್ತಿಲ್ಲ ಅಂತ ವಾಲ್ಯೂಮ್ ಏರಿಸಿರುತ್ತೀರಿ, ಐದನೇ ನಿಮಿಷಕ್ಕೆ ಹಿತ್ತಾಳೆ ವಾದ್ಯಗಳೆಲ್ಲ ಒಟ್ಟಿಗೆ ಎದ್ದು ಸ್ಟಿಯರಿಂಗ್ ಅಲುಗಾಡುತ್ತದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ, ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂರಿ. ಗೊತ್ತಿರುವ ಹಾಡು ಕಾಣಿಸಿದಾಗ ಎಷ್ಟನೇ ನಿಮಿಷ ಅಂತ ಬರೆದಿಡಿ.

ಲಿಂಕನ್

ಆರನ್ ಕೋಪ್ಲೆಂಡ್ ಬರೆದ ‘ಲಿಂಕನ್ ಪೋರ್ಟ್ರೇಟ್’ ಹದಿನೈದು ನಿಮಿಷದ್ದು. 1941ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿದ್ದ ಮೇಲೆ, ಜನರಿಗೆ ಧೈರ್ಯ ತುಂಬುವಂಥ ಸಂಗೀತ ಬೇಕೆಂದು ಆಂದ್ರೆ ಕಾಸ್ಟೆಲಾನೆಟ್ಸ್ ಎಂಬ ವಾದ್ಯವೃಂದ ನಿರ್ದೇಶಕರು ಬರೆಸಿದರು. 1942ರ ಮೇ 14ರಂದು ಸಿನ್ಸಿನಾಟಿಯಲ್ಲಿ ಮೊದಲು ನುಡಿಸಿದರು. ಅರ್ಧದವರೆಗೆ ಬರೀ ವಾದ್ಯ, ಆಮೇಲೆ ಒಬ್ಬರು ನಿಂತು ಲಿಂಕನ್ ಮಾತುಗಳನ್ನು ಓದುತ್ತಾರೆ.

ಒಳಗಿನ ಹಾಡು ಎರಡು. ಒಂದು ‘ಸ್ಪ್ರಿಂಗ್‌ಫೀಲ್ಡ್ ಮೌಂಟನ್’, ಮ್ಯಾಸಚೂಸೆಟ್ಸಿನಲ್ಲಿ 1761ರಲ್ಲಿ ಹೊಲದಲ್ಲಿ ಹಾವು ಕಚ್ಚಿ ಸತ್ತ ಹುಡುಗನ ಮೇಲೆ ಕಟ್ಟಿದ ಲಾವಣಿ. ನಮ್ಮ ಕಡೆಯ ಕಥನಗೀತೆಗಳ ಹಾಗೆಯೇ ಸರಳ, ದುಃಖದ್ದು. ಕ್ಲಾರಿನೆಟ್ ಒಂಟಿಯಾಗಿ ಅದನ್ನು ಹೇಳುವ ಜಾಗ ಬಂದಾಗ ಉಸಿರು ಬಿಗಿಹಿಡಿದು ಕೇಳಿ. ಇನ್ನೊಂದು ಸ್ಟೀಫನ್ ಫಾಸ್ಟರ್ ಅವರ ‘ಕ್ಯಾಂಪ್‌ಟೌನ್ ರೇಸಸ್’, ‘ಡೂಡಾ ಡೂಡಾ’ ಅಂತ ಮಕ್ಕಳು ಹಾಡುವುದು. ಗಾಡಿಗೆಜ್ಜೆಯ ಜೊತೆ ಕುಣಿಯುತ್ತಾ ಬರುತ್ತದೆ. ಇದು 1850ರ ಹಾಡು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ರಂಗದಿಂದ ಬಂದದ್ದು. ಮಕ್ಕಳಿಗೆ ಈ ಹಾಡು ಹೇಳಿಕೊಡುವಾಗ ನಾನು ಅದನ್ನೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಗುಲಾಮಗಿರಿ ತೊಡೆದವನ ಚಿತ್ರದೊಳಗೆ ಆ ಕಾಲದ ಆ ಸದ್ದೂ ಇದೆ.

ಓದುವ ಮಾತುಗಳನ್ನು ಮೊದಲೇ ಓದಿಕೊಳ್ಳಿ, ಒಂದು ಪುಟವೂ ಇಲ್ಲ. 1858ರಲ್ಲಿ ಆಲ್ಟನ್ ಎಂಬ ಊರಿನ ಚರ್ಚೆಯಲ್ಲಿ ಲಿಂಕನ್ ಆಡಿದ ಮಾತೊಂದಿದೆ: ನೀನು ಬೆವರು ಸುರಿಸಿ ರೊಟ್ಟಿ ಗಳಿಸು, ತಿನ್ನುವವನು ನಾನು, ಎಂದು ಹೇಳುವ ಬುದ್ಧಿ ರಾಜನದಾಗಲಿ ಒಡೆಯನದಾಗಲಿ ಒಂದೇ. ಇದನ್ನು ನಾನು ಕನ್ನಡ ಮಾಡಿ ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ‘ಯಾರಮ್ಮಾ ಇದು ಹೇಳಿದ್ದು?’ ಅಂತ ಕೇಳಿದರು. ಕೊನೆಗೆ ಬರುವುದು ಗೆಟಿಸ್‌ಬರ್ಗ್ ಭಾಷಣದ ಸಾಲು, ‘ಜನರಿಂದ, ಜನರಿಗಾಗಿ, ಜನರ ಸರ್ಕಾರ’. ಸಮಾಜ ಪುಸ್ತಕದಲ್ಲಿ ಐದು ಅಂಕದ ಪ್ರಶ್ನೆಗೆ ಉರುಹೊಡೆದದ್ದು. ಅದರ ಅಡಿಯಲ್ಲಿ ತುತ್ತೂರಿಯೊಂದು ಆ ಹಾವು ಕಚ್ಚಿದ ಹುಡುಗನ ಲಾವಣಿಯನ್ನು ಮೆಲ್ಲಗೆ ನುಡಿಸುತ್ತಿರುತ್ತದೆ. 1863ರ ನವೆಂಬರಿನಲ್ಲಿ ಲಿಂಕನ್ ಈ ಮಾತಾಡಿದ್ದು ಸಾವಿರಾರು ಎಳೆಯ ಹುಡುಗರ ಸಮಾಧಿಯ ಮೇಲೆ ನಿಂತು. ಆ ಲಾವಣಿ ಗೊತ್ತಿದ್ದರೆ ಮಾತ್ರ ಕೋಪ್ಲೆಂಡ್ ಏನು ಮಾಡಿದ್ದಾರೆ ಅಂತ ತಿಳಿಯುತ್ತದೆ.

ಓದುವವರು ನಾಟಕ ಮಾಡಬಾರದು, ಸರಳವಾಗಿ ಓದಬೇಕು ಎಂದು ಕೋಪ್ಲೆಂಡ್ ಸೂಚನೆ ಬರೆದಿಟ್ಟಿದ್ದಾರೆ. ಹಾಗಾಗಿ ಧ್ವನಿಮುದ್ರಿಕೆ ಆರಿಸುವಾಗ ಗುಡುಗುವವರನ್ನು ಬಿಡಿ. ಇನ್ನೊಂದು ವಿಷಯ ನೆನಪಿರಲಿ: 1953ರಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಸಂದರ್ಭದ ಕಛೇರಿಯಿಂದ ಈ ಕೃತಿಯನ್ನೇ ತೆಗೆದುಹಾಕಿದರು. ಕೋಪ್ಲೆಂಡ್ ಎಡಪಂಥದವರು ಎಂದು ಸಂಸತ್ತಿನ ಸದಸ್ಯರೊಬ್ಬರು ತಕರಾರು ತೆಗೆದಿದ್ದರು.

ರೈಲು ನಿಲ್ದಾಣದಲ್ಲಿ ಒಂದು ಸಂಜೆ

ಮೊದಲ ಮಹಾಯುದ್ಧದ ನಡುವೆ, 1915ರ ಮೇ 7ರಂದು, ಜರ್ಮನಿಯ ಜಲಾಂತರ್ಗಾಮಿ ‘ಲ್ಯೂಸಿಟಾನಿಯ’ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿತು. ಸತ್ತವರು ಸುಮಾರು 1,200 ಮಂದಿ. ಸುದ್ದಿ ಬಂದ ದಿನ ಐವ್ಸ್ ನ್ಯೂಯಾರ್ಕಿನ ತಮ್ಮ ವಿಮಾ ಆಫೀಸಿನಿಂದ ಮನೆಗೆ ಹೊರಟು ಹ್ಯಾನೊವರ್ ಸ್ಕ್ವೇರ್ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದರು. ಕೆಳಗೆ ರಸ್ತೆಯಲ್ಲಿ ಯಾರೋ ಕೈಯಲ್ಲಿ ತಿರುಗಿಸುವ ಆರ್ಗನ್‌ನಲ್ಲಿ ‘ಇನ್ ದಿ ಸ್ವೀಟ್ ಬೈ ಅಂಡ್ ಬೈ’ ಎಂಬ ಚರ್ಚಿನ ಹಾಡು ನುಡಿಸುತ್ತಿದ್ದರು. ಪ್ಲಾಟ್‌ಫಾರಂ ಮೇಲಿದ್ದ ಒಬ್ಬ ಸಿಳ್ಳೆ ಹಾಕಿದ, ಇನ್ನೊಬ್ಬ ಗುನುಗಿದ, ಹೆಗಲ ಮೇಲೆ ಸಲಿಕೆ ಹೊತ್ತ ಕೂಲಿಯವನೊಬ್ಬ ಸೇರಿಕೊಂಡ, ಬ್ಯಾಂಕಿನ ಸಾಹುಕಾರರೂ ಬಾಯಿ ಬಿಟ್ಟರು. ರೈಲು ಬಂತು, ಜನ ಹತ್ತಿದರು, ಮಾತಿಲ್ಲ. ಇದನ್ನೆಲ್ಲ ಐವ್ಸ್ ಬರೆದಿಟ್ಟಿದ್ದಾರೆ, ಅದನ್ನೇ ಸಂಗೀತವನ್ನೂ ಮಾಡಿದ್ದಾರೆ: ‘ಆರ್ಕೆಸ್ಟ್ರಲ್ ಸೆಟ್ ನಂಬರ್ 2’ರ ಮೂರನೇ ಭಾಗ.

ಹಾಡು ಕಲಿಯಲು ಹತ್ತು ನಿಮಿಷ ಸಾಕು, ಪಲ್ಲವಿ ಎರಡೇ ಸಾಲು. ಕೃತಿಯ ಶುರುವಿನಲ್ಲಿ ಅದನ್ನು ಹುಡುಕಬೇಡಿ. ದೂರದಿಂದ ಪ್ರಾರ್ಥನೆಯ ದನಿ, ಊರಿನ ಗೌಜು, ಎಲ್ಲ ಮಸುಕು. ತುಣುಕು ತುಣುಕಾಗಿ ಬಂದು ಕೊನೆಯ ಹತ್ತಿರ ಇಡೀ ಹಾಡು ಒಮ್ಮೆಲೇ ಎದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಷ್ಟೇ, ಆಮೇಲೆ ಕರಗುತ್ತದೆ. ನನ್ನ ಕೇಳಿ, ಅಮೆರಿಕದ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಕ್ಷಣ ನಾನು ಕಂಡಿಲ್ಲ.

ಹೊಲಿಗೆ ಯಂತ್ರ

ಜೂಲಿಯಾ ವುಲ್ಫ್ ಬರೆದ ‘ಫೈರ್ ಇನ್ ಮೈ ಮೌತ್’ ಹೊಸದು. 2019ರ ಜನವರಿಯಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಮೊದಲು ನುಡಿಸಿತು. ಇದಕ್ಕೆ ಕಲಿಯಬೇಕಾದ ಹಾಡಿಗಿಂತ ತಿಳಿಯಬೇಕಾದ ಘಟನೆ ದೊಡ್ಡದು. 1911ರ ಮಾರ್ಚ್ 25, ಶನಿವಾರ, ಕೆಲಸ ಬಿಡುವ ಹೊತ್ತು. ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆ, ಹೆಂಗಸರ ಬ್ಲೌಸು ಹೊಲಿಯುತ್ತಿದ್ದ ಜಾಗ, ಕಟ್ಟಡದ ಎಂಟು, ಒಂಬತ್ತು, ಹತ್ತನೇ ಅಂತಸ್ತಿನಲ್ಲಿತ್ತು. ಬೆಂಕಿ ಬಿತ್ತು. ಒಂಬತ್ತನೇ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು, ಹುಡುಗಿಯರು ಬಟ್ಟೆ ಕದ್ದೊಯ್ಯದಿರಲಿ ಅಂತ. ಅಗ್ನಿಶಾಮಕದವರ ಏಣಿ ಆರನೇ ಅಂತಸ್ತಿಗಿಂತ ಮೇಲೆ ಮುಟ್ಟಲಿಲ್ಲ. ಸತ್ತವರು 146 ಮಂದಿ, ಹೆಚ್ಚಿನವರು ಯಹೂದಿ, ಇಟಾಲಿಯನ್ ವಲಸಿಗರ ಮನೆಯ ಹುಡುಗಿಯರು. ಮಾಲೀಕರು ಮೊಕದ್ದಮೆಯಲ್ಲಿ ಬಿಡುಗಡೆಯಾದರು.

ಕೃತಿಯ ಗಾಯಕ ವೃಂದದಲ್ಲಿರುವವರೂ 146, ಎಲ್ಲರೂ ಹೆಂಗಸರು, ಹುಡುಗಿಯರು. ನಾಲ್ಕು ಭಾಗ: ವಲಸೆ, ಕಾರ್ಖಾನೆ, ಪ್ರತಿಭಟನೆ, ಬೆಂಕಿ. ಕಾರ್ಖಾನೆಯ ಭಾಗದಲ್ಲಿ ಯಂತ್ರದ ಸದ್ದಿನ ನಡುವೆ ಯಹೂದಿಗಳ ಯಿಡ್ಡಿಶ್ ಭಾಷೆಯ ಹಾಡು, ಇಟಲಿಯ ಹಾಡು ಹೆಣೆದುಕೊಳ್ಳುತ್ತವೆ. ಗಾಯಕಿಯರು ಕೈಯಲ್ಲಿ ಕತ್ತರಿ ಹಿಡಿದು ತಾಳಕ್ಕೆ ಸರಿಯಾಗಿ ಕಚ್ ಕಚ್ ಅನ್ನಿಸುತ್ತಾರೆ. ಹೆಸರು ಬಂದದ್ದು ಕ್ಲಾರಾ ಲೆಮ್ಲಿಕ್ ಎಂಬ ಕಾರ್ಮಿಕ ನಾಯಕಿಯ ಮಾತಿನಿಂದ. 1909ರ ದೊಡ್ಡ ಮುಷ್ಕರಕ್ಕೆ ಕಿಡಿ ಹೊತ್ತಿಸಿದವಳು ಅವಳೇ, ಆಗ ನನ್ನ ಬಾಯಲ್ಲಿ ಬೆಂಕಿಯಿತ್ತು ಎಂದು ಮುಪ್ಪಿನಲ್ಲಿ ನೆನೆದಳು.

ಇದನ್ನು ಕೇಳುವ ಮೊದಲು ಹೊಲಿಗೆ ಯಂತ್ರದ ಸದ್ದನ್ನು ನೆನಪು ಮಾಡಿಕೊಳ್ಳಿ. ನಮ್ಮಮ್ಮ ಶಿವಮೊಗ್ಗದಲ್ಲಿ ರಾತ್ರಿ ಹನ್ನೊಂದರವರೆಗೆ ಪೆಡಲ್ ಮಿಷನ್ ತುಳಿಯುತ್ತಿದ್ದಳು. ಬ್ಲೌಸು, ಲಂಗ, ಸೀರೆಗೆ ಫಾಲ್ಸು. ದಾರ ತುಂಡಾದಾಗ ನಿಂತು, ಸೂಜಿಗೆ ಪೋಣಿಸಿ, ಮತ್ತೆ ನಿಧಾನಕ್ಕೆ ಶುರುವಾಗಿ ವೇಗ ಹಿಡಿಯುವ ಆ ಲಯದಲ್ಲಿ ನಾನು ನಿದ್ದೆ ಹೋಗುತ್ತಿದ್ದೆ. ಚಿಕ್ಕಮ್ಮನ ಮಗಳು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಆರು ವರ್ಷ ಕಾಲರ್ ಹೊಲಿದಳು. ಗಂಟೆಗಿಷ್ಟು ಅಂತ ಟಾರ್ಗೆಟ್, ಬಾತ್‌ರೂಮಿಗೆ ಹೋಗಲೂ ಸೂಪರ್‌ವೈಸರನ್ನು ಕೇಳಬೇಕು. ಈ ಕೃತಿಯ ಎರಡನೇ ಭಾಗವನ್ನು ಫೋನಿನಲ್ಲಿ ಅವಳಿಗೆ ಕೇಳಿಸಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಅಕ್ಕಾ, ಒಂದು ಮಿಷನ್ ಅಲ್ಲ, ಇಡೀ ಲೈನೇ ಓಡ್ತಿದೆ’ ಅಂದಳು. ಅವಳಿಗೆ ಯಾವ ಮಾರ್ಗದರ್ಶಿಯೂ ಬೇಕಾಗಲಿಲ್ಲ.

ಕೊನೆಯ ಭಾಗದಲ್ಲಿ 146 ಹೆಸರುಗಳನ್ನೂ ಹಾಡುತ್ತಾರೆ. ಆಗ ನಿಲ್ಲಿಸಿ ಎದ್ದು ಹೋಗಬೇಡಿ. ಇಡೀ ಕೃತಿ ಮುಕ್ಕಾಲು ಗಂಟೆ ದಾಟುತ್ತದೆ, ಅಷ್ಟು ಹೊತ್ತು ಇರುವ ದಿನವೇ ಹಚ್ಚಿ.

ಇನ್ನು ಕೆಲವು, ಬೇಗನೆ. ವಿಲಿಯಂ ಗ್ರಾಂಟ್ ಸ್ಟಿಲ್ 1940ರಲ್ಲಿ ಬರೆದ ‘ಅಂಡ್ ದೇ ಲಿಂಚ್ಡ್ ಹಿಮ್ ಆನ್ ಎ ಟ್ರೀ’ ಕರಿಯ ಸಂಗೀತಕಾರರೊಬ್ಬರು ಗುಂಪುಹತ್ಯೆಯ ಬಗ್ಗೆ ಬರೆದದ್ದು. ಬಿಳಿಯರ ವೃಂದ, ಕರಿಯರ ವೃಂದ ಬೇರೆ ಬೇರೆ ನಿಂತು ಹಾಡುತ್ತವೆ, ನಡುವೆ ಸತ್ತವನ ತಾಯಿಯ ದನಿ. ಇಪ್ಪತ್ತು ನಿಮಿಷದ ಈ ಕೃತಿಯನ್ನು ಲಿಂಕನ್ ಪಕ್ಕದಲ್ಲೇ ಇಟ್ಟು ಕೇಳಬೇಕು. ಸಂಗೀತಕಾರ ಜಾನ್ ಆಡಮ್ಸ್ ಅವರ ಒಪೆರಾ (ಗೀತನಾಟಕ) ‘ಡಾಕ್ಟರ್ ಅಟಾಮಿಕ್’ 1945ರ ಜುಲೈ 16ರ ಮೊದಲ ಅಣುಬಾಂಬ್ ಪರೀಕ್ಷೆಯ ಕಥೆ. ಅದರಲ್ಲಿ ಭಗವದ್ಗೀತೆಯ ಹನ್ನೊಂದನೇ ಅಧ್ಯಾಯದ ಸಾಲುಗಳನ್ನು ವೃಂದ ಹಾಡುತ್ತದೆ. ವಿಶ್ವರೂಪದರ್ಶನದ ಶ್ಲೋಕಗಳನ್ನು ಒಮ್ಮೆ ಪಠಿಸಿಕೊಂಡು ಕೂತರೆ ನಮಗೆ ಅದು ಬೇಗ ಒಲಿಯುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಗ್ಗೆ ಅವರದೇ ‘ಆನ್ ದಿ ಟ್ರಾನ್ಸ್‌ಮೈಗ್ರೇಶನ್ ಆಫ್ ಸೋಲ್ಸ್’ ಇದೆ, 2002ರದ್ದು. ಕಾಣೆಯಾದವರಿಗಾಗಿ ಮನೆಯವರು ಗೋಡೆಗೆ ಅಂಟಿಸಿದ ಕಾಗದದ ಮಾತುಗಳೂ ಅದರ ಸಾಹಿತ್ಯದಲ್ಲಿವೆ. ಒಬ್ಬರೇ ಇದ್ದಾಗ ಕೇಳಬೇಡಿ.

ಕೊನೆಗೆ, ನಿಂತು ಕೇಳುವುದು

‘ಥ್ರೀ ಪ್ಲೇಸಸ್’ನ ಮೊದಲ ಭಾಗವನ್ನು ಕೊನೆಗೆ ಇಟ್ಟಿದ್ದೇನೆ, ಅದು ಎಲ್ಲಕ್ಕಿಂತ ಕಷ್ಟದ್ದು. ಬಾಸ್ಟನ್ ಕಡೆ ಬಂದರೆ ಇದನ್ನು ಜಾಗದಲ್ಲೇ ಕೇಳಿ. ರೆಡ್ ಲೈನಿನಲ್ಲಿ ಪಾರ್ಕ್ ಸ್ಟ್ರೀಟ್‌ಗೆ ಇಳಿದರೆ ಎದುರಿಗೇ ಆ 1831ರ ಹಾಡಿನ ಚರ್ಚು. ಪಕ್ಕದ ಏರು ಹತ್ತಿ ಬೀಕನ್ ಸ್ಟ್ರೀಟ್‌ಗೆ ಬಂದರೆ ಸ್ಟೇಟ್ ಹೌಸಿನ ಎದುರು ಕಂಚಿನ ಉಬ್ಬುಶಿಲ್ಪ. ಐವ್ಸ್ ಆ ಭಾಗ ಬರೆದದ್ದು ಈ ಶಿಲ್ಪದ ಬಗ್ಗೆಯೇ. ಆಗಸ್ಟಸ್ ಸೇಂಟ್ ಗಾಡೆನ್ಸ್ ಹದಿನಾಲ್ಕು ವರ್ಷ ಕೆಲಸ ಮಾಡಿ 1897ರಲ್ಲಿ ಮುಗಿಸಿದ್ದು. ಕುದುರೆಯ ಮೇಲೆ ಕರ್ನಲ್ ರಾಬರ್ಟ್ ಶಾ, ಸುತ್ತ ಬಂದೂಕು ಹೊತ್ತು ನಡೆಯುವ 54ನೇ ಮ್ಯಾಸಚೂಸೆಟ್ಸ್ ದಳದ ಕರಿಯ ಸೈನಿಕರು. ಬಿಳಿಯ ಸೈನಿಕರಿಗೆ ತಿಂಗಳಿಗೆ 13 ಡಾಲರ್ ಕೊಟ್ಟು ಇವರಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಹಿಡಿದುಕೊಂಡು ಕೊಡಲು ಬಂದಾಗ, ಸಮ ಸಂಬಳ ಕೊಡುವವರೆಗೆ ಬೇಡವೆಂದು ಸಂಬಳವಿಲ್ಲದೆಯೇ ಯುದ್ಧ ಮಾಡಿದವರು. ಅಂತರ್ಯುದ್ಧದಲ್ಲಿ, 1863ರ ಜುಲೈ 18ರಂದು, ದಕ್ಷಿಣದವರ ಕೋಟೆ ಫೋರ್ಟ್ ವ್ಯಾಗ್ನರ್ ಮೇಲೆ ನುಗ್ಗಿದರು. ಶಾ ಸತ್ತರು. ಶತ್ರುಗಳು ಅವರನ್ನು ಸೈನಿಕರ ಜೊತೆ ಒಂದೇ ಗುಂಡಿಯಲ್ಲಿ ಹೂತರು. ಮಗ ಅಲ್ಲೇ ಇರಲಿ ಎಂದು ತಂದೆ ಹೇಳಿದರು.

ಇಯರ್‌ಫೋನ್ ಹಾಕಿ ಒತ್ತಿ. ಬಾಸಿನಲ್ಲಿ, ಅಂದರೆ ತಗ್ಗು ದನಿಯ ವಾದ್ಯಗಳಲ್ಲಿ, ಎರಡು ಸ್ವರ, ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವಷ್ಟು ಅಂತರ, ಹೋಗಿ ಬಂದು ಹೋಗಿ ಬಂದು. ಅದು ನಡೆಯುವ ಸೈನಿಕರ ಕಾಲುಗಳು. ಅದರ ಮೇಲೆ ‘ಬ್ಯಾಟಲ್ ಕ್ರೈ ಆಫ್ ಫ್ರೀಡಂ’, ‘ಮಾರ್ಚಿಂಗ್ ಥ್ರೂ ಜಾರ್ಜಿಯಾ’, ಫಾಸ್ಟರ್‌ನ ‘ಓಲ್ಡ್ ಬ್ಲ್ಯಾಕ್ ಜೋ’, ಮೂರರ ಚೂರುಗಳೂ ಮಂಜಿನೊಳಗಿಂದ ಬಂದ ಹಾಗೆ. ಇವನ್ನು ಹಿಂದಿನ ವಾರವೇ ಹಾಡಿಕೊಂಡಿರಿ. ನೋಟ್‌ಬುಕ್ ಬೇಡ. ಒಬ್ಬೊಬ್ಬ ಸೈನಿಕನ ಮುಖ ನೋಡಿ, ಯಾವುದೂ ಇನ್ನೊಂದರ ಹಾಗಿಲ್ಲ.

ಹೋದ ಅಕ್ಟೋಬರಿನಲ್ಲಿ ‘ಸ್ಕೂಲ್ ಹಾಡು’ ಅಂದ ಹುಡುಗಿಯನ್ನು ಅವಳ ಅಮ್ಮನೊಡನೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದೇ ಇಯರ್‌ಫೋನಿನ ಎರಡು ಬದಿ, ಒಂದು ಅವಳ ಕಿವಿಗೆ, ಒಂದು ನನಗೆ. ಸಂಗೀತ ಇಳಿಯುತ್ತಾ ಬಂದಾಗ ಅವಳನ್ನು ಶಿಲ್ಪದ ಹಿಂಬದಿಗೆ ಕರೆದೊಯ್ದೆ. ಮುಂದೆ ಕರ್ನಲ್ ಹೆಸರಿದೆ, ಸೈನಿಕರ ಹೆಸರುಗಳನ್ನು ಕೆತ್ತಿದ್ದು 1980ರ ದಶಕದಲ್ಲಿ, ಹಿಂದುಗಡೆ. ಅವಳು ತನ್ನ ಬದಿಯ ಇಯರ್‌ಫೋನ್ ತೆಗೆದು ಅಮ್ಮನ ಕೈಗೆ ಕೊಟ್ಟು, ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ, ಒಂದೊಂದೇ ಹೆಸರನ್ನು ಓದತೊಡಗಿದಳು.